ಪಂಚಾಯಿತಿ ಬಾಗಿಲಲ್ಲೇ ನಿಂತ ಭಾರತ್‌ನೆಟ್

1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾದಾಗ ಸರ್ಕಾರ ಬರೀ ಟ್ರಾನ್ಸ್‌ಮಿಟರ್ ನಿಲ್ಲಿಸಿ ಕೈತೊಳೆದುಕೊಳ್ಳಲಿಲ್ಲ. ಕಾರ್ಯಕ್ರಮ ರೂಪಿಸುವವರನ್ನು, ಯಂತ್ರ ನೋಡಿಕೊಳ್ಳುವವರನ್ನು ಕೂಡ ನೇಮಿಸಿತು. ಹಾಗಾಗಿ ಕೃಷಿ ಸಲಹೆ, ಸುದ್ದಿ ಮಲೆನಾಡಿನ ಒಂಟಿ ಮನೆಗೂ ತಲುಪಿದವು. ಸರ್ಕಾರಿ ಜಾಲವೊಂದನ್ನು ತೂಗಬೇಕಾದದ್ದು ಹೀಗೆಯೇ: ಕೊನೆಯ ಮನೆಗೆ ಮುಟ್ಟಿತೇ, ಮುಟ್ಟಿದ್ದು ಕೆಲಸಕ್ಕೆ ಬಂತೇ?

ರಾಜ್ಯದ ಭೂದಾಖಲೆಗಳ 'ಭೂಮಿ' ಯೋಜನೆ ಈ ಪರೀಕ್ಷೆಯಲ್ಲಿ ಅರ್ಧ ಗೆದ್ದಿತು. 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ ರೈತನ ಕಡೆಗೆ ಮುಖಮಾಡಿ ಇನ್ನೊಂದು ಪರದೆ ಇಟ್ಟರು. ತನ್ನ ಸರ್ವೆ ನಂಬರಿನ ಎದುರು ಏನಿದೆಯೆಂದು ಆತ ಕಣ್ಣಾರೆ ನೋಡಿ, 15 ರೂಪಾಯಿ ಕೊಟ್ಟು ಪ್ರತಿ ಪಡೆಯಬಹುದಾಯಿತು. ಆದರೆ ಅದಕ್ಕಾಗಿ ಆತ ಬಸ್ಸು ಹತ್ತಿ ತಾಲ್ಲೂಕಿಗೇ ಬರಬೇಕಿತ್ತು.

ಆ ದೂರವನ್ನು ಅಳಿಸಬೇಕಾದದ್ದು ಹಳ್ಳಿಗೆ ಇಂಟರ್ನೆಟ್ ಒಯ್ಯುವ ಭಾರತ್‌ನೆಟ್. 2011ರಲ್ಲಿ ಒಪ್ಪಿಗೆ ಪಡೆದ ಈ ಯೋಜನೆಯ ಗುರಿ ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳು. ಎಡವಿದ್ದು ಈ ಗುರಿಯಲ್ಲೇ. ಮಲೆನಾಡಿನಲ್ಲಿ ಒಂದು ಪಂಚಾಯಿತಿಯೆಂದರೆ ಕಾಡು, ಹೊಳೆ, ಗುಡ್ಡಗಳ ನಡುವೆ ಚದುರಿದ ಹತ್ತಾರು ಮಜರೆ. ಕೇಬಲ್ ಕಚೇರಿ ಮುಟ್ಟಿದೊಡನೆ ಕಡತದಲ್ಲಿ ಕೆಲಸ ಮುಗಿಯಿತು; ಮಜರೆಗೆ ಏನೂ ಬರಲಿಲ್ಲ. ರಸ್ತೆ ಅಗಲ ಮಾಡುವ ಜೆಸಿಬಿ ಕೇಬಲ್ ಕಿತ್ತರೆ, ಮಳೆಗಾಲದಲ್ಲಿ ಕರೆಂಟು ಹೋದರೆ ಕಚೇರಿಯಲ್ಲೂ 'ಸರ್ವರ್ ಡೌನ್'. ಕೊರೊನಾ ಕಾಲದಲ್ಲಿ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದರು. 'ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ' ಎಂದು ಮಲೆನಾಡಿನ ಹಳ್ಳಿಗರು ಪಟ್ಟು ಹಿಡಿದದ್ದು ಸುಮ್ಮನೆ ಅಲ್ಲ.

ಖಾಸಗಿ ಕಂಪನಿಗಳು ಲಾಭವಿಲ್ಲದ ಕಡೆ ಹೋಗುವುದಿಲ್ಲ. ಸರ್ಕಾರ ಬೇಕಾಗುವುದೇ ಅಲ್ಲಿ. ಟೆಲಿಕಾಂ ಕಂಪನಿಗಳ ಆದಾಯದ ಶೇ 5ರಷ್ಟನ್ನು ಹಳ್ಳಿಗಳ ಸಂಪರ್ಕಕ್ಕೆಂದೇ ವಸೂಲಿ ಮಾಡಲಾಗುತ್ತದೆ. ಅದು ನಾವು ಕಟ್ಟಿದ ಬಿಲ್ಲಿನದೇ ಪಾಲು. ಹಾಗಾಗಿ ಮಜರೆಯ ಸಂಪರ್ಕ ಯಾರ ಔದಾರ್ಯವೂ ಅಲ್ಲ, ಹಕ್ಕು.

2023ರಲ್ಲಿ ಒಪ್ಪಿಗೆಯಾದ 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆ ಹತ್ತು ವರ್ಷಗಳ ನಿರ್ವಹಣೆಯನ್ನೂ ಲೆಕ್ಕಕ್ಕೆ ಹಿಡಿದಿದೆ, ಪಂಚಾಯಿತಿ ಕೇಂದ್ರದಾಚೆಯ ಹಳ್ಳಿಗಳಿಗೂ ಸಂಪರ್ಕದ ಮಾತಾಡಿದೆ. ದಿಕ್ಕು ಸರಿಯಿದೆ. ಇನ್ನು ಎಷ್ಟು ಕಿಲೋಮೀಟರ್ ಕೇಬಲ್ ಎಳೆದೆವೆಂಬ ಲೆಕ್ಕ ಸಾಕು. ಯಾವ ಪಂಚಾಯಿತಿಯಲ್ಲಿ ತಿಂಗಳಿಗೆ ಎಷ್ಟು ಗಂಟೆ ಸಂಪರ್ಕವಿತ್ತು, ಎಷ್ಟು ಮಜರೆ ಬಾಕಿಯಿವೆ ಎಂಬುದನ್ನು ಪ್ರತಿ ಗ್ರಾಮಸಭೆಯ ಮುಂದಿಡಬೇಕು. ಗುತ್ತಿಗೆದಾರರ ಬಿಲ್ ಪಾವತಿಯೂ ಆ ಲೆಕ್ಕ ನೋಡಿಯೇ ಆಗಬೇಕು.