ಅಪ್ಪನ ಬೂದಿಯಲ್ಲಿ ಅರ್ಧ ಪಾಲು

‘ಸ್ಮೋಕ್ ಸಿಗ್ನಲ್ಸ್’ ಅಂತ ಒಂದು ಸಿನಿಮಾ ಇದೆ ಎಂದರೆ ನಮ್ಮ ಗೆಳೆಯರಲ್ಲಿ ಬಹಳ ಜನ ‘ಯಾವುದಪ್ಪಾ ಅದು’ ಅನ್ನುತ್ತಾರೆ. 1998ರ ಚಿತ್ರ. ಅಮೆರಿಕದ ಮೂಲನಿವಾಸಿಗಳೇ ಬರೆದು, ನಿರ್ದೇಶಿಸಿ, ಮುಖ್ಯ ಪಾತ್ರಗಳಲ್ಲಿ ನಟಿಸಿ, ಆ ದೇಶದ ಥಿಯೇಟರುಗಳಲ್ಲಿ ದೊಡ್ಡದಾಗಿ ಬಿಡುಗಡೆಯಾದ ಮೊದಲ ಕಥಾಚಿತ್ರ ಅಂತ ಅದಕ್ಕೆ ಹೆಸರು. ಬರೆದವರು ಷೆರ್ಮನ್ ಅಲೆಕ್ಸಿ, 1993ರಲ್ಲಿ ಬಂದ ತಮ್ಮದೇ ಕಥಾಸಂಕಲನದಿಂದ. ನಿರ್ದೇಶಿಸಿದವರು ಕ್ರಿಸ್ ಏರ್. ಆ ವರ್ಷ ಸನ್‌ಡ್ಯಾನ್ಸ್ ಉತ್ಸವದಲ್ಲಿ ಅದಕ್ಕೆ ಪ್ರೇಕ್ಷಕರ ಬಹುಮಾನ ಬಂತು. ನಾನು ಕಂಡ ಯಾವ ಫಿಲಂ ಸೊಸೈಟಿಯ ಪಟ್ಟಿಯಲ್ಲೂ ಈ ಹೆಸರಿಲ್ಲ. ಜಗತ್ತಿನ ಸಿನಿಮಾ ಅಂದರೆ ಯೂರೋಪಿನ ಏಳೆಂಟು ಹೆಸರುಗಳು ಅಂದುಕೊಂಡವರ ಪಟ್ಟಿ ಅದು, ಇರಲಿ.

ನಾನಿದನ್ನು ಮೊದಲು ನೋಡಿದ್ದು ಹಾಸ್ಟೆಲಿನಲ್ಲಿ, ಗೆಳೆಯನ ಗಾಜೊಡೆದ ಮೊಬೈಲಿನಲ್ಲಿ. ಅಪ್ಪ ತೀರಿಕೊಂಡು ಆರು ತಿಂಗಳಾಗಿತ್ತು. ಆಮೇಲೆ ಎಷ್ಟು ಸಲ ನೋಡಿದೆನೋ ಲೆಕ್ಕ ಇಟ್ಟಿಲ್ಲ. ಒಂದು ಸಭೆಯಲ್ಲಿ ಇದರ ಮಾತು ತೆಗೆದಾಗ ಹಿರಿಯ ಗೆಳೆಯರೊಬ್ಬರು, ‘ನೋಡಿದೀನಿ ಕಣಯ್ಯ. ಎಲ್ಲಿದೆ ಅದರಲ್ಲಿ ಸಿಟ್ಟು? ನಗಿಸ್ತಾ ನಗಿಸ್ತಾ ಹೋಗಿ ಅಪ್ಪ-ಮಗನ ಸೆಂಟಿಮೆಂಟಿಗೆ ಬೀಳ್ತದೆ. ಇದು ಬಂಡಾಯ ಅಲ್ಲ’ ಅಂದರು. ಅವರ ಮೇಲೆ ನನಗೆ ಗೌರವ ಇದೆ. ಆದರೆ ಅವರ ಮಾತು ತಪ್ಪು ಅಂತ ಅವತ್ತೂ ಅನ್ನಿಸಿತು, ಇವತ್ತೂ ಅನ್ನಿಸುತ್ತದೆ. ಯಾಕೆ ಅನ್ನೋದನ್ನ ಹೇಳುವುದಕ್ಕೇ ಈ ಬರಹ.

ಕಥೆ ಇಷ್ಟೆ. ಐಡಹೊ ರಾಜ್ಯದ ಕೋರ್ ಡಲೇನ್ ಬುಡಕಟ್ಟಿನ ರಿಸರ್ವೇಶನ್. 1976ರ ಜುಲೈ 4, ಅಮೆರಿಕಕ್ಕೆ ಸ್ವಾತಂತ್ರ್ಯ ಬಂದು ಇನ್ನೂರು ವರ್ಷ ತುಂಬಿದ ದಿನ. ಆ ರಾತ್ರಿ ಒಂದು ಮನೆಗೆ ಬೆಂಕಿ ಬೀಳುತ್ತದೆ. ಕಿಟಕಿಯಿಂದ ಹೊರಕ್ಕೆ ಬಂದ ಹಸುಗೂಸೊಂದನ್ನು ಆರ್ನಾಲ್ಡ್ ಜೋಸೆಫ್ ಎಂಬಾತ ಕೈಯೊಡ್ಡಿ ಹಿಡಿಯುತ್ತಾನೆ. ಆ ಕೂಸು ಥಾಮಸ್. ಹೆತ್ತವರಿಬ್ಬರೂ ಬೆಂಕಿಗೆ ಹೋದರು, ಅಜ್ಜಿ ಸಾಕಿದಳು. ಆರ್ನಾಲ್ಡನ ಸ್ವಂತ ಮಗ ವಿಕ್ಟರ್. ಥಾಮಸನ ಪಾಲಿಗೆ ವೀರನಾದ ಆರ್ನಾಲ್ಡ್ ತನ್ನ ಮನೆಯಲ್ಲಿ ಕುಡುಕ, ಹೆಂಡತಿಗೂ ಮಗನಿಗೂ ಹೊಡೆಯುವವನು. ಒಂದು ದಿನ ಪಿಕಪ್ ಗಾಡಿ ಹತ್ತಿ ಹೋದವನು ತಿರುಗಿ ಬರಲಿಲ್ಲ. ವರ್ಷಗಳಾದ ಮೇಲೆ ಅರಿಝೋನದ ಫೀನಿಕ್ಸಿನಿಂದ ಸತ್ತ ಸುದ್ದಿ ಬರುತ್ತದೆ. ಹೋಗಿ ಬೂದಿ ತರಲು ವಿಕ್ಟರನ ಹತ್ತಿರ ದುಡ್ಡಿಲ್ಲ. ದುಡ್ಡಿರುವುದು ಥಾಮಸ್ ಕೂಡಿಟ್ಟ ಜಾಡಿಯಲ್ಲಿ. ಕೊಡ್ತೀನಿ, ಆದರೆ ನನ್ನನ್ನೂ ಕರಕೊಂಡು ಹೋಗಬೇಕು ಅಂತ ಅವನ ಷರತ್ತು. ಇಬ್ಬರಿಗೂ ಇಪ್ಪತ್ತೆರಡರ ಆಸುಪಾಸು. ಒಬ್ಬನಿಗೆ ಬಾಯಿ ಬಿಟ್ಟರೆ ಸಿಟ್ಟು, ಇನ್ನೊಬ್ಬನಿಗೆ ಕಣ್ಣು ಮುಚ್ಚಿದರೆ ಕಥೆ. ಹೋಗುವಾಗ ಬಸ್ಸು, ಬರುವಾಗ ಸತ್ತವನ ಗಾಡಿ. ನಡುವೆ ಇಬ್ಬರು ಹುಡುಗರು ಗಂಡಸರಾಗಬೇಕು.

ರಿಸರ್ವೇಶನ್ ಅನ್ನುವ ಮಾತು ನಮ್ಮ ಕಿವಿಗೆ ಬೇರೆ. ಕಾಲೇಜಿನಲ್ಲಿ ಬೆನ್ನ ಹಿಂದೆ ನಾನು ಕೇಳಿಸಿಕೊಂಡ ಮಾತು ಅದು. ಅಲ್ಲಿ ಅದರರ್ಥ ಸೀಟಲ್ಲ, ನೆಲ. ಇಡೀ ಖಂಡ ಕಸಿದುಕೊಂಡ ಮೇಲೆ ಇದರೊಳಗೆ ಬಿದ್ದಿರಿ ಅಂತ ಗೆರೆ ಎಳೆದು ಕೊಟ್ಟ ತುಂಡು ನೆಲ. ನಮಗೆ ಒಳಗೆ ಬರಲು ಸಿಕ್ಕ ಸಂದು, ಅವರಿಗೆ ಹೊರಗೆ ಹೋಗದಂತೆ ಹಾಕಿದ ಬೇಲಿ. ಆದರೂ ಆ ಬೇಲಿ ದಾಟುವ ದೃಶ್ಯ ನೋಡಿದಾಗ ನನಗೆ ನಮ್ಮ ಕೇರಿಯೇ ಕಂಡಿತು. ಮುಂದಕ್ಕೆ ಹೋಗದ, ಹಿಂದಕ್ಕೆ ಮಾತ್ರ ಓಡುವ ಕಾರಿನಲ್ಲಿ ಇಬ್ಬರು ಹುಡುಗಿಯರು ಇವರನ್ನು ಹತ್ತಿಸಿಕೊಳ್ಳುತ್ತಾರೆ. ಬಾಡಿಗೆಗೆ ಬದಲು ಥಾಮಸ್ ಒಂದು ಕಥೆ ಹೇಳಬೇಕು. ಇಳಿಸುವಾಗ ಕೇಳುತ್ತಾರೆ: ಪಾಸ್‌ಪೋರ್ಟ್ ಇಟ್ಟುಕೊಂಡಿದ್ದೀರಾ? ಹೋಗೋದು ಅಮೆರಿಕಕ್ಕೇ ಅಲ್ಲವಾ ಅಂತ ಥಾಮಸ್. ಅದಕ್ಕಿಂತ ಪರದೇಶ ಇನ್ನೊಂದಿಲ್ಲ ಅಂತ ಅವರು. ಕೇರಿಯಿಂದ ಊರೊಳಗಿನ ಸ್ಕೂಲಿಗೆ ಹೋದ ಮೊದಲ ದಿನ ನನಗೂ ಯಾರಾದರೂ ಹೀಗೆ ನಗಿಸಿ ಕಳಿಸಿದ್ದರೆ ಚೆನ್ನಾಗಿತ್ತು.

ಮಗನನ್ನು ಕಳಿಸುವಾಗ ಅವ್ವ ಆರ್ಲೀನ್ ತಿರುಗಿ ಬರುತ್ತೀನಿ ಅಂತ ಮಾತು ಕೇಳುತ್ತಾಳೆ. ಕಾಗದಕ್ಕೆ ಸೈನ್ ಹಾಕಿಕೊಡಲಾ ಅನ್ನುತ್ತಾನೆ ಮಗ. ಸೈನ್ ಅಂದರೆ ನಮ್ಮ ಜನಕ್ಕೆ ಹೇಗೆ ಅಂತ ಗೊತ್ತಲ್ಲ, ಬೇಡಪ್ಪ ಅನ್ನುತ್ತಾಳೆ ಅವಳು. ನೂರಾರು ಒಪ್ಪಂದ ಮಾಡಿಕೊಂಡು ಮುರಿದ ಸರ್ಕಾರದ ಚರಿತ್ರೆ ಎಲ್ಲ ಆ ಒಂದು ತಮಾಷೆಯಲ್ಲಿದೆ. ಅಜ್ಜಂದಿರು ಹೆಬ್ಬೆಟ್ಟೊತ್ತಿ ನೆಲ ಕಳಕೊಂಡ ಮನೆಯವರಿಗೆ ಇದರ ಮೇಲೆ ವ್ಯಾಖ್ಯಾನ ಬೇಕಿಲ್ಲ. ಸಿಟ್ಟೆಲ್ಲಿದೆ ಅಂತ ಕೇಳಿದರಲ್ಲ, ಇಲ್ಲಿದೆ. ಕೂಗುತ್ತಿಲ್ಲ, ಅಷ್ಟೆ.

ಇನ್ನು ಬಸ್ಸಿನ ದೃಶ್ಯ. ವಿಕ್ಟರ್ ಥಾಮಸನಿಗೆ ‘ಇಂಡಿಯನ್’ ಆಗೋದು ಹೇಗೆ ಅಂತ ಪಾಠ ಹೇಳುತ್ತಾನೆ. ಹಲ್ಲು ಕಿರಿಯಬೇಡ, ಮುಖ ಗಂಟಿಕ್ಕು, ಈಗ ತಾನೇ ಕಾಡೆಮ್ಮೆ ಬೇಟೆಯಾಡಿ ಬಂದವನ ಹಾಗೆ ಕಾಣು. ನಮ್ಮವರು ಕಾಡೆಮ್ಮೆ ಬೇಟೆ ಆಡಿದವರೇ ಅಲ್ಲವಲ್ಲ, ಮೀನು ಹಿಡಿಯೋರು ಅಲ್ಲವಾ ಅಂತ ಥಾಮಸ್ ಮೆಲ್ಲಗೆ ಹೇಳುತ್ತಾನೆ. ವಿಕ್ಟರ್ ಕಲಿಸುತ್ತಿರುವುದು ತನ್ನ ಜನರನ್ನಲ್ಲ, ಬಿಳಿಯರ ಸಿನಿಮಾವನ್ನು. 1990ರಲ್ಲಿ ಬಂದು ಏಳು ಆಸ್ಕರ್ ಬಾಚಿದ ‘ಡ್ಯಾನ್ಸಸ್ ವಿತ್ ವುಲ್ವ್ಸ್’ ಅನ್ನು ನೂರಾರು ಸಲ ನೋಡಿದ್ದೀಯ ಅಂತ ಥಾಮಸನನ್ನು ಬೈಯುವವನೂ ಅದೇ ಚಿತ್ರದ ಮುಖವಾಡ ಹಾಕಿಕೊಂಡಿದ್ದಾನೆ. ಥಾಮಸ್ ಪಾಠ ಕಲಿತು, ಜಡೆ ಬಿಚ್ಚಿ, ಕನ್ನಡಕ ತೆಗೆದು ಬರುತ್ತಾನೆ. ಬಂದು ನೋಡಿದರೆ ಇವರ ಸೀಟಿನಲ್ಲಿ ಇಬ್ಬರು ಬಿಳಿಯರು ಕೂತಿದ್ದಾರೆ, ಏಳುವುದಿಲ್ಲ. ಗಂಟಿಕ್ಕಿದ ಮುಖ ಒಂದು ಸೀಟನ್ನೂ ಬಿಡಿಸಿಕೊಡಲಿಲ್ಲ. ಇಬ್ಬರೂ ಹಿಂದೆ ಹೋಗಿ ಕೂರುತ್ತಾರೆ. ಕೂತು, ಸಿನಿಮಾದಲ್ಲಿ ಇಂಡಿಯನ್ನರನ್ನು ಕೊಲ್ಲುತ್ತಿದ್ದ ಜಾನ್ ವೇನ್ ಎಂಬ ನಾಯಕನ ಹಲ್ಲು ನಿಜದ್ದೋ ಸುಳ್ಳಿಂದೋ ಅಂತ ಹಾಡು ಕಟ್ಟಿ ಹಾಡುತ್ತಾರೆ. ನಮ್ಮೂರ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಅಪ್ಪ ನಿಂತೇ ಬರುತ್ತಿದ್ದ. ಯಾಕೆ ಅಂತ ನಾನು ಕೇಳಿದ್ದು ಪಿಯುಸಿಗೆ ಬಂದ ಮೇಲೆ. ಅಪ್ಪ ಹೇಳಲಿಲ್ಲ, ನಕ್ಕ.

ಬೇರೆಯವರು ನಮ್ಮನ್ನು ಹೇಳಿದಾಗ ನಾವು ಯಾವಾಗಲೂ ಗಂಭೀರ. ನಮ್ಮ ‘ಚೋಮನ ದುಡಿ’ 1975ರಲ್ಲಿ ಸಿನಿಮಾ ಆಯಿತು, ಸ್ವರ್ಣಕಮಲ ತಂತು. ದೊಡ್ಡ ಕೃತಿಯೇ, ಅದರ ಕಾಳಜಿಯನ್ನು ಅನುಮಾನಿಸುವವನಲ್ಲ ನಾನು. ಆದರೆ ಅಲ್ಲಿ ಚೋಮ ದುಡಿ ಬಡಿಯುತ್ತಾ ಸಾಯಬೇಕು. ಅವನು ಕೇರಿಯಲ್ಲಿ ಕೂತು ಧಣಿಯ ಹಲ್ಲಿನ ಮೇಲೆ ಹಾಡು ಕಟ್ಟಿ ನಕ್ಕದ್ದನ್ನು ನೋಡಲು ಕೇರಿಯೊಳಗೇ ಹುಟ್ಟಿದ ಕಣ್ಣು ಬೇಕು. ‘ಸ್ಮೋಕ್ ಸಿಗ್ನಲ್ಸ್’ಗೆ ಇರುವುದು ಆ ಕಣ್ಣು.

ನಗುವಿನ ಅಡಿಯಲ್ಲಿ ಏನಿದೆ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ರಿಸರ್ವೇಶನ್ನಿನ ರೇಡಿಯೋದಲ್ಲಿ ಬೆಳಗಿನ ಸುದ್ದಿ ಹೇಳುವವನ ಪಾತ್ರ ಮಾಡಿದವರು ಜಾನ್ ಟ್ರೂಡೆಲ್. ಕೂಡುರಸ್ತೆಯಲ್ಲಿ ಕೆಟ್ಟು ನಿಂತ ವ್ಯಾನಿನ ಮೇಲೆ ಒಬ್ಬ ಕೂತಿರುತ್ತಾನೆ. ಅಲ್ಲಿ ಹೋಗಿಬರುವ ಒಂದೊಂದು ಗಾಡಿಯನ್ನೂ ಅವನು ಎಣಿಸಿ ಹೇಳುವುದೇ ಈ ರೇಡಿಯೋದ ಸಂಚಾರ ವರದಿ. ಹೊಟ್ಟೆ ಹಿಡಿದು ನಗಬೇಕು. ಈ ಟ್ರೂಡೆಲ್ 1969ರಿಂದ 1971ರವರೆಗೆ ಮೂಲನಿವಾಸಿಗಳು ಆಲ್ಕಟ್ರಾಜ್ ದ್ವೀಪವನ್ನು ಹಿಡಿದು ಕೂತಿದ್ದಾಗ ಆ ಹೋರಾಟದ ರೇಡಿಯೋ ದನಿಯಾಗಿದ್ದವರು, ಆಮೇಲೆ ಅಮೆರಿಕನ್ ಇಂಡಿಯನ್ ಮೂವ್‌ಮೆಂಟಿನ ಅಧ್ಯಕ್ಷರು. 1979ರ ಫೆಬ್ರವರಿಯಲ್ಲಿ ವಾಷಿಂಗ್‌ಟನ್ನಿನ ಎಫ್.ಬಿ.ಐ. ಕಚೇರಿಯ ಮುಂದೆ ಅವರು ಅಮೆರಿಕದ ಬಾವುಟ ಸುಟ್ಟರು. ಒಂದು ದಿನ ಕಳೆಯುವುದರೊಳಗೆ ಅವರ ಬಸುರಿ ಹೆಂಡತಿ, ಮೂವರು ಮಕ್ಕಳು, ಅತ್ತೆ ಮನೆಗೆ ಬಿದ್ದ ಬೆಂಕಿಯಲ್ಲಿ ಸತ್ತರು. ಆಕಸ್ಮಿಕ ಅಂದಿತು ಸರ್ಕಾರ. ಅವರು ಒಪ್ಪಲಿಲ್ಲ. ಆ ಸಾವುಗಳ ನಂತರವೇ ಅವರು ಕವಿತೆ ಬರೆಯತೊಡಗಿದ್ದು. ಮನೆಯೊಂದು ಸುಡುವುದರಿಂದ ಶುರುವಾಗುವ ಚಿತ್ರದಲ್ಲಿ ಆ ಮನುಷ್ಯ ಬೆಳಗಿನ ತಮಾಷೆ ಮಾಡುತ್ತಾರೆ. ಈ ನಗು ಹಗುರ ಅನ್ನುವವರು ಅದನ್ನು ತೂಗಿ ನೋಡಿಲ್ಲ.

ಈಗ ಅಪ್ಪನ ವಿಚಾರ. ಗಾಡಿ ಓಡಿಸುತ್ತಾ, ಕುಡಿಯುತ್ತಾ, ಆರ್ನಾಲ್ಡ್ ಚಿಕ್ಕ ಮಗನ ಮುಂದೆ ಮಂತ್ರ ಹಾಕುತ್ತಾನೆ: ಬಿಳಿಯರೆಲ್ಲ ಮಾಯ, ರಿಸರ್ವೇಶನ್ ಮಾಯ, ಕುಡುಕರು ಮಾಯ, ನಾನೂ ಮಾಯ. ಆಮೇಲೆ ಕೇಳುತ್ತಾನೆ: ನಿನಗೆ ತುಂಬಾ ಇಷ್ಟವಾದ ಇಂಡಿಯನ್ ಯಾರು? ಹುಡುಗ ಯಾರೂ ಇಲ್ಲ ಅನ್ನುತ್ತಾನೆ. ಜಾತಿಯ ಅವಮಾನದ ಬಗ್ಗೆ ನಾವು ಪುಟಗಟ್ಟಲೆ ಬರೆದಿದ್ದೇವೆ. ಆದರೆ ಆ ಅವಮಾನ ಮನೆಯೊಳಗೆ ಬಂದು, ಅಪ್ಪನ ಕೈಯಾಗಿ ಮಗನ ಕೆನ್ನೆಗೆ ಬಿದ್ದು, ಮಗನ ಬಾಯಲ್ಲಿ ಯಾರೂ ಇಲ್ಲ ಆಗುವುದನ್ನು ಎಷ್ಟು ಬರೆದಿದ್ದೇವೆ?

ಫೀನಿಕ್ಸಿನಲ್ಲಿ ವಿಕ್ಟರನಿಗೆ ನಿಜ ಗೊತ್ತಾಗುತ್ತದೆ. ಅಪ್ಪನ ನೆರೆಯಲ್ಲಿದ್ದ ಸೂಜಿ ಎಂಬ ಹೆಣ್ಣುಮಗಳು ಹೇಳುತ್ತಾಳೆ. ಆ ರಾತ್ರಿ ಮನೆ ಸುಟ್ಟದ್ದು ಆರ್ನಾಲ್ಡನೇ, ಕುಡಿದ ಅಮಲಿನಲ್ಲಿ ಪಟಾಕಿ ಹಚ್ಚಿ. ಥಾಮಸನನ್ನು ಕಾಪಾಡಿದವನೇ ಅವನನ್ನು ತಬ್ಬಲಿ ಮಾಡಿದವನು. ಅದೇ ಮನುಷ್ಯ ಮಗನನ್ನು ಹುಡುಕಿಕೊಂಡು ಉರಿಯುವ ಮನೆಯೊಳಕ್ಕೆ ನುಗ್ಗಿದ್ದ. ಇನ್ನೊಂದನ್ನೂ ಅವಳು ಹೇಳುತ್ತಾಳೆ: ಅಪ್ಪ-ಮಗ ಸೇರಿ ಇಬ್ಬರು ಪಾದ್ರಿಗಳ ವಿರುದ್ಧ ಬ್ಯಾಸ್ಕೆಟ್‌ಬಾಲ್ ಆಡಿದ್ದು, ಕೊನೆಯ ಚೆಂಡು ಹಾಕಿ ವಿಕ್ಟರ್ ಗೆಲ್ಲಿಸಿದ್ದು. ವಿಕ್ಟರ್ ಅನ್ನುತ್ತಾನೆ: ನಾನು ಗೆಲ್ಲಿಸಲಿಲ್ಲ, ಆ ಚೆಂಡು ತಪ್ಪಿತು. ಮಗನ ಬಗ್ಗೆ ಅಪ್ಪ ಪರಊರಿನಲ್ಲಿ ಸುಳ್ಳು ಹೇಳಿಕೊಂಡು ತಿರುಗಿದ್ದಾನೆ. ಕೊಲೆಗಾರನೂ ಅವನೇ, ಕಾದವನೂ ಅವನೇ, ಓಡಿಹೋದವನೂ ಅವನೇ. ಚಿತ್ರ ಯಾವುದನ್ನೂ ಕಳೆಯುವುದಿಲ್ಲ, ಎಲ್ಲವನ್ನೂ ಕೂಡಿಸಿ ಮಗನ ಕೈಗೆ ಕೊಡುತ್ತದೆ.

ನಾನು ಅಪ್ಪನ ಮೇಲೆ ನಾಲ್ಕು ಪದ್ಯ ಬರೆದಿದ್ದೆ. ಎಲ್ಲದರಲ್ಲೂ ಅಪ್ಪನ ಒಡೆದ ಹಿಮ್ಮಡಿ, ಬಾಗಿದ ಬೆನ್ನು, ಉಳ್ಳವರ ಜಗುಲಿ. ಸಭೆಗಳಲ್ಲಿ ಚಪ್ಪಾಳೆ ಬಿತ್ತು. ಊರಿಗೆ ಹೋದಾಗ ಅವ್ವನಿಗೆ ಓದಿ ಹೇಳಿದೆ. ಅವಳು ಸುಮ್ಮನೆ ಕೇಳಿಸಿಕೊಂಡು, ‘ನಿಮ್ಮಪ್ಪ ಹಂಗೂ ಇದ್ದ ಕಣಪ್ಪ. ಹಂಗೆ ಮಾತ್ರ ಇರ್ನಿಲ್ಲ’ ಅಂದು ಒಲೆ ಕಡೆ ತಿರುಗಿಕೊಂಡಳು. ಅವಳ ಹುಬ್ಬಿನ ಮೇಲೆ ಒಂದು ಗಾಯದ ಗುರುತಿದೆ. ನನ್ನ ನಾಲ್ಕು ಪದ್ಯದಲ್ಲಿ ಒಂದರಲ್ಲೂ ಅದಕ್ಕೆ ಜಾಗ ಇರಲಿಲ್ಲ. ಬರೆದರೆ ‘ನೋಡಿ, ಇವರು ಇರೋದೇ ಹಿಂಗೆ’ ಅಂತ ಊರಿನವರು ನಗುತ್ತಾರೆ ಅನ್ನುವ ಹೆದರಿಕೆ.

ಆ ಹೆದರಿಕೆಗೆ ಈ ಚಿತ್ರ ಉತ್ತರ ಹೇಳುತ್ತದೆ. ತಿರುಗಿ ಬರುವಾಗ ದಾರಿಯಲ್ಲಿ ಅಪಘಾತ. ಕುಡಿದಿದ್ದವನು ಒಬ್ಬ ಬಿಳಿಯ. ಗಾಯಗೊಂಡವಳಿಗೆ ಸಹಾಯ ತರಲು ರಾತ್ರಿಯೆಲ್ಲ ಓಡಿದವನು ವಿಕ್ಟರ್. ಆದರೂ ಪೊಲೀಸರ ಮುಂದೆ ನಿಲ್ಲುವವರು ಇವರಿಬ್ಬರು. ಬಾಳಿನಲ್ಲಿ ಒಂದು ತೊಟ್ಟು ಕುಡಿದವನಲ್ಲ ಅನ್ನುತ್ತಾನೆ ವಿಕ್ಟರ್. ಹಾಗಾದರೆ ನೀನೆಂಥ ಇಂಡಿಯನ್ನಯ್ಯ ಅಂತ ಕೇಳುತ್ತಾನೆ ಅಧಿಕಾರಿ. ‘ಕುಡುಕ ಇಂಡಿಯನ್’ ಎಂಬ ಬೈಗುಳವನ್ನು ಚಿತ್ರ ಆ ಪೊಲೀಸನ ಬಾಯಿಂದ ಕಿತ್ತುಕೊಳ್ಳುತ್ತದೆ. ಹಾಗಂತ ಆರ್ನಾಲ್ಡನ ಬಾಟಲಿಯನ್ನು ಬಚ್ಚಿಡುವುದಿಲ್ಲ. ಹೊರಗಿನವನ ಬೈಗುಳಕ್ಕೆ ಹೆದರಿ ಒಳಗಿನ ಸತ್ಯ ಮುಚ್ಚಿಡುವುದೂ ಒಂದು ಗುಲಾಮಗಿರಿ. ಉಳ್ಳವರ ಮೇಲೆ ಕತ್ತಿ ಹಿರಿದ ಕಾವ್ಯ ಅವ್ವನ ಹುಬ್ಬಿನ ಗಾಯದ ಮುಂದೆ ಒರೆಯೊಳಕ್ಕೆ ಸೇರಿಕೊಂಡರೆ ಅದು ಎಂಥ ಬಂಡಾಯ?

ಚಿತ್ರದ ಕೊರತೆಯನ್ನೂ ಹೇಳಬೇಕು. ದಾರಿ ಇರುವುದು ಗಂಡುಹುಡುಗರಿಗೆ. ಆರ್ಲೀನ್ ರೊಟ್ಟಿ ಕರಿದು ಕಾಯುತ್ತಾಳೆ, ಸೂಜಿ ಗಂಡಸಿನ ಗುಟ್ಟು ಕಾಪಾಡಿ ಮಗನಿಗೆ ಒಪ್ಪಿಸುತ್ತಾಳೆ. ಅವರ ಸ್ವಂತ ಪ್ರಯಾಣ ಏನು ಅಂತ ಚಿತ್ರ ಕೇಳುವುದಿಲ್ಲ. ಇದಕ್ಕಿಂತ ಕಷ್ಟದ ಮಾತು ಇನ್ನೊಂದಿದೆ. 2018ರಲ್ಲಿ ಹಲವು ಹೆಂಗಸರು ಅಲೆಕ್ಸಿಯ ಮೇಲೆ ಲೈಂಗಿಕ ಕಿರುಕುಳದ ಆರೋಪ ಮಾಡಿದರು. ಜನರಿಗೆ ನೋವು ಮಾಡಿದ್ದೇನೆ ಅಂತ ಅವರು ಹೇಳಿಕೆ ಕೊಟ್ಟರು. ಅದೇ ವರ್ಷದ ಕೊನೆಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಚಿತ್ರವನ್ನು ಕಾಪಾಡಿ ಇಡಬೇಕಾದ ಚಿತ್ರಗಳ ಪಟ್ಟಿಗೆ ಸೇರಿಸಿತು. ಎರಡೂ ನಿಜ. ಇಷ್ಟಪಟ್ಟ ತಪ್ಪಿಗೆ ಒಂದನ್ನು ಮುಚ್ಚಿ ಇನ್ನೊಂದನ್ನು ಹೇಳಿದರೆ ನಾನು ಈ ಚಿತ್ರದಿಂದ ಏನೂ ಕಲಿತಿಲ್ಲ ಎಂದಾಗುತ್ತದೆ.

ಕೊನೆಗೆ ಬೂದಿ. ಥಾಮಸನ ಜಾಡಿಯ ದುಡ್ಡು ದಾರಿಗೆ ಖರ್ಚಾಗಿದೆ. ಆ ಜಾಡಿಗೇ ವಿಕ್ಟರ್ ಅಪ್ಪನ ಬೂದಿಯಲ್ಲಿ ಪಾಲು ಹಾಕಿಕೊಡುತ್ತಾನೆ. ಸ್ಪೋಕ್ಯಾನ್ ಜಲಪಾತಕ್ಕೆ ಬಿಡ್ತೀನಿ, ನಿಮ್ಮಪ್ಪ ಸಾಲ್ಮನ್ ಮೀನಿನ ಹಾಗೆ ಮೇಲಕ್ಕೆ ನೆಗೀತಾನೆ ಅನ್ನುತ್ತಾನೆ ಥಾಮಸ್. ಅಟ್ಟ ಗುಡಿಸಿ ಬೇಡದ ಸಾಮಾನು ಬಿಸಾಕಿದ ಹಾಗೆ ಅಂತ ನಾನಂದುಕೊಂಡಿದ್ದೆ ಅನ್ನುತ್ತಾನೆ ವಿಕ್ಟರ್. ಆ ನದಿಗೆ ಕಡಲಿನಿಂದ ಸಾಲ್ಮನ್ ಬರುವ ದಾರಿ ಅಣೆಕಟ್ಟುಗಳಿಂದ ಮುಚ್ಚಿಹೋಗಿತ್ತು. 1942ರಲ್ಲಿ ಕಟ್ಟಿ ಮುಗಿಸಿದ ಗ್ರ್ಯಾಂಡ್ ಕೂಲಿ ಅಣೆಕಟ್ಟಿನಲ್ಲಿ ಮೀನು ಹತ್ತಲು ಒಂದು ಮೆಟ್ಟಿಲೂ ಇಲ್ಲ. ಮೀನು ಹಿಡಿಯುವ ಜನ, ಮೀನಿಲ್ಲದ ನದಿ. ಅಂಥ ನದಿಯಲ್ಲಿ ಮೀನಿನಂತೆ ಎದ್ದು ಬರಲಿ ಅನ್ನುವುದು ಸೆಂಟಿಮೆಂಟಲ್ಲ ಗೆಳೆಯರೇ, ಹಕ್ಕು ಕೇಳುವುದು. ಸೇತುವೆಯ ಮೇಲೆ ನಿಂತು ಬೂದಿ ಚೆಲ್ಲುವ ವಿಕ್ಟರ್ ಕೂಗುತ್ತಾನೆ. ಚಿತ್ರವೆಲ್ಲ ತಡೆದುಕೊಂಡಿದ್ದ ಕೂಗು ಅದು.

ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಅಪ್ಪ ಕೆರೆಯ ಹಿಂದಿನ ದಿಣ್ಣೆಯಲ್ಲಿದ್ದಾನೆ. ಚೆಲ್ಲಲು ಬೂದಿ ಇಲ್ಲ, ಹೊಳೆಯೂ ದೂರ. ಐದನೆಯ ಪದ್ಯ ಬರೆಯುತ್ತಿದ್ದೇನೆ. ಹಿಮ್ಮಡಿ ಅದರಲ್ಲೂ ಇದೆ, ಬಸ್ಸಿನಲ್ಲಿ ನಿಂತ ಅಪ್ಪನೂ ಇದ್ದಾನೆ. ಈ ಸಲ ಅವ್ವನ ಹುಬ್ಬೂ ಇದೆ. ಮುಗಿದ ಮೇಲೆ ಮೊದಲು ಅವಳಿಗೇ ಓದುತ್ತೇನೆ.