ಶಂಖದಹುಳುವಿನ ಜಾತಕ

ಆಫ್ರಿಕದ ದೈತ್ಯ ಶಂಖದಹುಳು ಲೋಕವನ್ನೆಲ್ಲ ಹೇಗೆ ಆವರಿಸಿತು ಎಂಬ ಪ್ರಶ್ನೆಗೆ ವಂಶವಾಹಿಗಳಿಂದ ಉತ್ತರ ಹುಡುಕಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. 39 ನೆಲೆಗಳ 560 ಹುಳುಗಳು. ಓದಿದ್ದು ಮೈಟೊಕಾಂಡ್ರಿಯದ ಡಿಎನ್‌ಎಯ 294 ಅಕ್ಷರಗಳ ಪುಟ್ಟ ತುಣುಕು. ಸಿಕ್ಕಿದ್ದು ಆ ತುಣುಕಿನ 18 ಬಗೆಗಳು. ವೈವಿಧ್ಯವೆಲ್ಲ ಹೆಚ್ಚುಕಡಿಮೆ ಪೂರ್ವ ಆಫ್ರಿಕ ಮತ್ತು ಹಿಂದೂ ಮಹಾಸಾಗರದ ದ್ವೀಪಗಳಲ್ಲೇ ಉಳಿದಿತ್ತು. ಅದರಾಚೆ ಎಲ್ಲಿ ನೋಡಿದರೂ ಬಹುಮಟ್ಟಿಗೆ 'ಸಿ' ಎಂದು ಹೆಸರಿಟ್ಟ ಒಂದೇ ಬಗೆ. ಹೊರಜಗತ್ತಿನ ಹುಳುಗಳಿಗೆ ಆ ದ್ವೀಪಗಳೇ ನಮಗೆ ತಿಳಿದ ಮೊದಲ ಸಮಾನ ಮೂಲ ಎಂದು ಸಂಶೋಧಕರು ತೀರ್ಮಾನಿಸಿದರು. 1847ರಲ್ಲಿ ವಿಲಿಯಂ ಬೆನ್ಸನ್ ಮಾರಿಷಸ್‌ನಿಂದ ಹುಳುಗಳನ್ನು ತಂದು ಕಲ್ಕತ್ತೆಯಲ್ಲಿ ಬಿಟ್ಟ ಸಂಗತಿಗೂ ಇದು ಒಪ್ಪುತ್ತದೆ. (ಚಿಪ್ಪುಗಳನ್ನು ಅಭ್ಯಸಿಸುತ್ತಿದ್ದ ಪಂಡಿತನೇ ಈ ಕೆಲಸ ಮಾಡಿದ್ದು!)

294 ಅಕ್ಷರ ಯಾವ ಮೂಲೆಗೆ ಸಾಕು, ಅಳತೆಗೋಲೇ ಮೊಂಡಾದರೆ ಎಲ್ಲವೂ ಒಂದೇ ಥರ ಕಾಣುವುದಿಲ್ಲವೇ ಎಂದು ಆಕ್ಷೇಪಿಸಬಹುದು. ಅದೇ ಕೋಲು ಪೂರ್ವ ಆಫ್ರಿಕದಲ್ಲಿ ಭೇದಗಳನ್ನು ತೋರಿಸಿದೆಯಾದ್ದರಿಂದ ಈ ಮಾತು ಪೂರ್ತಿ ನಿಲ್ಲದು. ದಾರಿಯಲ್ಲೆಲ್ಲೋ ವಂಶ ಸೋಸಿಹೋದದ್ದು ನಿಜ. ತೊಡಕಿರುವುದು ಇನ್ನೊಂದು ಕಡೆ. ಎಲ್ಲೆಡೆ 'ಸಿ'ಯೇ ಇದ್ದಮೇಲೆ, ಇಂದು ಅಡಿಕೆ ತೋಟಕ್ಕೆ ಬಂದ ಹುಳು ಪಕ್ಕದ ಜಿಲ್ಲೆಯ ಸಸಿಯ ಬುಡದ ಮಣ್ಣಿನಲ್ಲಿ ಬಂತೋ, ದೂರದ ಬಂದರಿನ ಸರಕಿನಲ್ಲೋ ಎಂದು ಈ ತುಣುಕು ಹೇಳಲಾರದು. ಮೈಟೊಕಾಂಡ್ರಿಯ ತಾಯಿಯ ಕಡೆಯ ವಂಶಾವಳಿಯನ್ನಷ್ಟೇ ಕಾಯುತ್ತದೆ; ಲಾರಿಯ ನಂಬರನ್ನಲ್ಲ. ಮೂಲ ಒಂದು ಎಂಬುದನ್ನು ದಾರಿಯೂ ಒಂದೇ ಎಂದು ಓದಿದರೆ ಎಡವುತ್ತೇವೆ: ಹತ್ತು ಸಲ ಬಂದರೂ ಬಂದದ್ದು 'ಸಿ'ಯೇ ಆಗಿದ್ದರೆ ಪ್ರಯೋಗಾಲಯದ ಲೆಕ್ಕಕ್ಕೆ ಅದು ಒಂದೇ ಸಲ.

ಇಡೀ ಜೀನೋಮನ್ನೇ ಓದಿದರಾಯಿತಲ್ಲ ಎನ್ನುವವರಿದ್ದಾರೆ. 2019ರಲ್ಲಿ ಈ ಹುಳುವಿನ 31 ವರ್ಣತಂತುಗಳ ಜೀನೋಮ್ ಪ್ರಕಟವಾಗಿದೆ. ಸೂಕ್ಷ್ಮ ಭೇದಗಳನ್ನು ಹುಡುಕಲು ಅದು ಖಂಡಿತ ನೆರವಾದೀತು. ಆದರೆ ಊರೂರಿನ ಮಾದರಿಗಳನ್ನು ಕೂಡಿಸಿಡದೆ ಜೀನೋಮೊಂದೇ ಹೋಲಿಕೆಗೆ ಒದಗದು. ಕಿರಿದಾದ ವಂಶದಿಂದ ಈ ಹುಳುವಿನ ಹಾವಳಿಯೇನೂ ತಗ್ಗಿಲ್ಲ ಎಂಬುದನ್ನೂ ಮರೆಯಬಾರದು. ಒಡಲಲ್ಲಿ ಗಂಡು-ಹೆಣ್ಣು ಎರಡೂ ಇದ್ದು, ಕೂಡಿದ ಮೇಲೆ ವೀರ್ಯವನ್ನು ಕಾಪಿಡಬಲ್ಲ, ಒಂದೇ ಸಲಕ್ಕೆ ನೂರಾರು ಮೊಟ್ಟೆಯಿಡಬಲ್ಲ ಜೀವಿಗೆ ವೈವಿಧ್ಯದ ಕೊರತೆ ಅಷ್ಟಾಗಿ ಕಾಡಿದಂತಿಲ್ಲ.

ಹೀಗಾಗಿ 2014ರ ಅಧ್ಯಯನ ಮೊದಲ ಬಾಗಿಲನ್ನು ಖಚಿತವಾಗಿ ತೋರಿಸಿದೆ, ನಂತರದ ಬಾಗಿಲುಗಳ ಬಗ್ಗೆ ಮೌನವಾಗಿದೆ. ಅಂಥ ಬಾಗಿಲುಗಳ ಸುಳಿವು ಬೇರೆ ಕಡೆಯಿಂದ ಸಿಗಬೇಕು. ಫ್ಲಾರಿಡ 2021ರಲ್ಲಿ ಹುಳು ನಿರ್ಮೂಲವಾಯಿತೆಂದು ಸಾರಿದ ಮರುವರ್ಷವೇ ಅಲ್ಲಿನ ಇನ್ನೊಂದು ಕೌಂಟಿಯಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ಸಾಕುಪ್ರಾಣಿ ವ್ಯಾಪಾರದ ಮೇಲೆ ಅನುಮಾನ ಮೂಡಿಸಿದ್ದು ಅದರ ಮೈಯ ಬಿಳಿ ಬಣ್ಣ.