ಹೆಸರು ಬೇಗ ಬಂತು, ಸರಿಯಾದ ಹೆಸರು ಬರಲಿಲ್ಲ

ಬ್ಯಾಕ್ಟೀರಿಯಾ ಗುರುತಿಸುವ ಮಾಲ್ಡಿ-ಟಾಫ್ ಯಂತ್ರ ಬಂದ ಮೇಲೆ ರಕ್ತದ ಕಲ್ಚರ್ ವರದಿ ಬೇಗ ಕೈಸೇರುತ್ತಿದೆ, ಅದರಲ್ಲಿ ತಕರಾರಿಲ್ಲ. ಇದರ ಬುಡದಲ್ಲಿರುವ ಲೇಸರ್ ಸಂಶೋಧನೆಗೆ ಕೊಯಿಚಿ ತನಾಕ 2002ರ ನೊಬೆಲ್‌ನಲ್ಲಿ ಪಾಲು ಪಡೆದರು. ಇ. ಕೊಲೈ, ಸ್ಟೆಫೈಲೊಕಾಕಸ್‌ಗಳ ಮಟ್ಟಿಗೆ ಯಂತ್ರದ ಹೊಗಳಿಕೆ ಸಲ್ಲತಕ್ಕದ್ದೇ. ಅಪರೂಪದ ಬ್ಯಾಕ್ಟೀರಿಯಾಗಳಿಗೂ ಅದೇ ಮಾತನ್ನು ಹಿಗ್ಗಿಸುವುದನ್ನು ನಾನು ಒಪ್ಪಲಾರೆ.

ನಮ್ಮ ಕರಾವಳಿಯ ಮೆಲಿಯಾಯ್ಡೋಸಿಸ್ಸನ್ನೇ ನೋಡಿ. ಮಳೆಗಾಲ, ಗದ್ದೆಯ ಕೆಸರು, ಹಳೆಯ ಸಕ್ಕರೆ ಕಾಯಿಲೆ, ಬಿಡದ ಜ್ವರ. ಬಾಟಲಿಯಲ್ಲಿ ಬೆಳೆದದ್ದು ಈ ರೋಗ ತರುವ ಬರ್ಖೋಲ್ಡೇರಿಯಾ ಸೂಡೋಮಲೈ. ಯಂತ್ರದ ಪರದೆಯ ಮೇಲೆ ಮಾತ್ರ ಬರ್ಖೋಲ್ಡೇರಿಯಾ ಥೈಲಾಂಡೆನ್ಸಿಸ್, ಪಕ್ಕದಲ್ಲಿ ನಂಬಿಕೆ ಹುಟ್ಟಿಸುವ ಅಂಕ.

ಈ ಒಂದು ಸಾಲಿನ ಮುಂದೆ ಸ್ವಲ್ಪ ನಿಲ್ಲಬೇಕು. ಯಂತ್ರ ಪ್ರೋಟೀನುಗಳ ತೂಕದ ಗುರುತನ್ನು ತನ್ನ ಸಂಗ್ರಹದ ಜೊತೆ ತಾಳೆ ನೋಡುತ್ತದೆ, ಅಷ್ಟೆ. ಸೂಡೋಮಲೈ ಜೈವಿಕ ಅಸ್ತ್ರವಾದೀತೆಂಬ ಭಯದಿಂದ ಅದರ ಗುರುತನ್ನು ಸಾಮಾನ್ಯ ಸಂಗ್ರಹದಲ್ಲಿಡದೆ ಬೇರೆಯಾಗಿ ಇಟ್ಟದ್ದುಂಟು. ಸಂಗ್ರಹದಲ್ಲಿ ಇಲ್ಲದವನನ್ನು ಕೇಳಿದರೆ ಅದು ದಾಯಾದಿಯನ್ನು ತೋರಿಸುತ್ತದೆ. ಥೈಲಾಂಡೆನ್ಸಿಸ್ ಮನುಷ್ಯರಿಗೆ ಕಾಯಿಲೆ ತರುವುದು ತೀರಾ ವಿರಳ. ಹಾಗಾಗಿ ರೋಗಿಯ ರಕ್ತದಲ್ಲಿ ಆ ಹೆಸರು ಬಂದರೆ ಅದೇ ಎಚ್ಚರಿಕೆಯ ಗಂಟೆ. ಅದನ್ನು ಕೇಳಿಸಿಕೊಳ್ಳದವರು ‘ಮಾಲಿನ್ಯವಿರಬಹುದು’ ಎಂದು ಬದಿಗಿಡುತ್ತಾರೆ. ಲ್ಯಾಬಿನ ಹುಡುಗಿ ಸುರಕ್ಷಾ ಕ್ಯಾಬಿನೆಟ್ಟಿನ ಹೊರಗೇ ಪ್ಲೇಟು ತೆರೆಯುತ್ತಾಳೆ.

ಅದೇ ಪ್ಲೇಟಿನಲ್ಲಿ ಮೂರು ಆ್ಯಂಟಿಬಯೋಟಿಕ್ ಡಿಸ್ಕ್ ಇಟ್ಟು ಮರುದಿನ ನೋಡಿ. ಜೆಂಟಮೈಸಿನ್, ಕೊಲಿಸ್ಟಿನ್ ಸುತ್ತ ಬೆಳೆ ಡಿಸ್ಕಿನ ಅಂಚಿನವರೆಗೂ ಒತ್ತಿಕೊಂಡಿರುತ್ತದೆ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಸುತ್ತ ತಿಳಿಯಾದ ಬಳೆ. ಆಕ್ಸಿಡೇಸ್ ಪಾಸಿಟಿವ್, ಗ್ರಾಂ ಸ್ಟೇನಿನಲ್ಲಿ ಎರಡು ತುದಿ ಗಾಢವಾದ ಸೇಫ್ಟಿ ಪಿನ್ನಿನಂಥ ಕಡ್ಡಿಗಳು. ರಂಗೂನಿನಲ್ಲಿ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಈ ರೋಗವನ್ನು 1912ರಲ್ಲಿ ವರದಿ ಮಾಡಿದಾಗ ಅವರ ಬಳಿ ಇದ್ದದ್ದೂ ಸೂಕ್ಷ್ಮದರ್ಶಕ, ಕಲ್ಚರ್ ಮತ್ತು ಕಣ್ಣು.

ಡಿಸ್ಕ್ ಪರೀಕ್ಷೆ ಬಡ ಲ್ಯಾಬುಗಳ ಪಾಡು, ಸಂಗ್ರಹಕ್ಕೆ ಹೊಸ ಗುರುತು ಸೇರಿಸಿದರೆ ಮುಗಿಯಿತು ಎನ್ನುವವರಿದ್ದಾರೆ. ಸೇರಿಸಲಿ, ಖಂಡಿತ ಸೇರಿಸಲಿ. ಆದರೆ ಸೇರಿಸುವವರೆಗೆ ಬರುವ ರೋಗಿಗಳ ಗತಿಯೇನು? ಸೇರಿಸಿದ ಮೇಲೂ ಸಂಶಯಪಡುವ ಅಭ್ಯಾಸ ಯಾರಿಗಿರಬೇಕು? ಮೂರು ಡಿಸ್ಕೂ ಅಂತಿಮವಲ್ಲ. ಮಲೇಷ್ಯಾದ ಸರವಾಕ್‌ನಲ್ಲಿ ಜೆಂಟಮೈಸಿನ್‌ಗೆ ಸಾಯುವ ತಳಿಗಳಿವೆ. ಇಷ್ಟನ್ನು ಒಪ್ಪಿಯೂ ನಾನು ಡಿಸ್ಕುಗಳ ಪಕ್ಷವೇ.

ಏಕೆಂದರೆ ಹೆಸರಿನ ಮೇಲೆ ಔಷಧ ನಿಂತಿದೆ. ಎಲ್ಲೆಡೆ ಮೊದಲು ಏರಿಸುವ ಸೆಫ್ಟ್ರಿಯಾಕ್ಸೋನ್ ಇಲ್ಲಿ ನೆಚ್ಚುವಂಥದ್ದಲ್ಲ. ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್ ಕನಿಷ್ಠ 10–14 ದಿನ, ಆಮೇಲೆ ಕೋ-ಟ್ರೈಮೊಕ್ಸಜೋಲ್ ಸುಮಾರು ಮೂರು ತಿಂಗಳು. 2016ರ ಒಂದು ಅಂದಾಜು ಜಗತ್ತಿನಲ್ಲಿ ವರ್ಷಕ್ಕೆ 89,000 ಸಾವು ಎನ್ನುತ್ತದೆ.

ಕರಾವಳಿಯ ಲ್ಯಾಬುಗಳಲ್ಲಿ ದುಡಿಯುವವರೇ, ಥೈಲಾಂಡೆನ್ಸಿಸ್ ಎಂಬ ವರದಿಗೆ ಸಹಿ ಹಾಕುವ ಮುನ್ನ ಮೂರು ಡಿಸ್ಕ್ ಇಡಿ. ಅದರ ಫಲಕ್ಕೆ ಕಾಯದೆ, ಅಂದೇ ವಾರ್ಡಿಗೆ ಫೋನು ಮಾಡಿ.